ಅಮೆರಿಕದ ಕೆಂಪು ಹಿಪ್ಪುನೇರಳೆ: ತಾಯಿಮರ ಗುರುತಿಸಿ ಬೀಜದಿಂದ ಸಸಿ ಮಾಡುವ ಬಗೆ

ಅಮೆರಿಕದ ಪೂರ್ವ ಭಾಗದ ಕಾಡುಗಳಲ್ಲಿ, ಕೆನಡಾದ ದಕ್ಷಿಣ ಒಂಟಾರಿಯೊದಲ್ಲಿ ತಾನಾಗಿ ಬೆಳೆಯುವ ಕೆಂಪು ಹಿಪ್ಪುನೇರಳೆಯ ವೈಜ್ಞಾನಿಕ ಹೆಸರು ಮೋರಸ್ ರೂಬ್ರಾ. ಇದರ ಬಿತ್ತನೆ ಸುಲಭ, ಸರಿಯಾದ ತಾಯಿಮರ ಸಿಗುವುದೇ ಕಷ್ಟ. ರೇಷ್ಮೆಗೆಂದು 17ನೇ ಶತಮಾನದಿಂದ ತಂದು ನೆಟ್ಟ ಚೀನಾದ ಬಿಳಿ ಹಿಪ್ಪುನೇರಳೆ ಈಗ ರಸ್ತೆಬದಿ, ಬೇಲಿಸಾಲುಗಳಲ್ಲೆಲ್ಲ ಹಬ್ಬಿದೆ. ಅದರ ಪರಾಗ ಗಾಳಿಯಲ್ಲಿ ಬಂದು ಕೆಂಪು ಮರದ ಹೂವಿಗೆ ಕೂಡಿದರೆ ಬೀಜ ಬೆರಕೆಯಾಗುತ್ತದೆ.

ಹಣ್ಣಿನ ಬಣ್ಣ ನೋಡಿ ನಿರ್ಧರಿಸಬೇಡಿ. ಬಿಳಿ ಜಾತಿಯಲ್ಲೂ ಕಪ್ಪು ಹಣ್ಣಿನ ಮರಗಳು ಬೇಕಾದಷ್ಟಿವೆ. ಎಲೆಯನ್ನೇ ಮುಟ್ಟಿ ನೋಡಿ: ಕೆಂಪಿನದು ಮೇಲೆ ಉಪ್ಪುಕಾಗದದಂತೆ ಒರಟು, ಹೊಳಪಿಲ್ಲ, ತುದಿ ನೀಳ, ಅಡಿಯ ತುಂಬಾ ಮೆತ್ತನೆಯ ರೋಮ. ಬಿಳಿಯದು ಕರ್ನಾಟಕದ ರೇಷ್ಮೆ ತೋಟಗಳ ವಿ-1 ಎಂಬ ತಳಿಯ ಸೊಪ್ಪಿನ ಹಾಗೆ ನುಣುಪಾಗಿ ಹೊಳೆಯುತ್ತದೆ, ರೋಮ ಅಡಿಯ ನರಗಳ ಮೇಲಷ್ಟೇ. ಬುಡದ ಚಿಗುರಿನ ಎಲೆಗಳು ಎರಡರಲ್ಲೂ ಸೀಳಿಕೊಂಡಿರುತ್ತವೆ, ಹಾಗಾಗಿ ಬಲಿತ ಕೊಂಬೆಯ ಎಲೆ ಆರಿಸಿ. ಲಕ್ಷಣಗಳು ನಡುವೆ ನಿಂತರೆ ಆ ಮರವನ್ನು ಬಿಟ್ಟುಬಿಡಿ. ಸುತ್ತ ಬಿಳಿ ಮರಗಳಿಲ್ಲದ, ತೇವದ ಕಾಡಿನೊಳಗಿನ ಮರವೇ ಉತ್ತಮ. ಕೆನಡಾದಲ್ಲಿ ಇದು ಅಳಿವಿನಂಚಿನ ಜಾತಿ, ಅಲ್ಲಿ ಅನುಮತಿಯಿಲ್ಲದೆ ಬೀಜ ತೆಗೆಯಬೇಡಿ.

ಜೂನ್–ಜುಲೈನಲ್ಲಿ ಬುಡಕ್ಕೆ ಬಟ್ಟೆ ಹಾಸಿ ಕೊಂಬೆ ಅಲುಗಿಸಿ, ಮಾಗಿದ ಹಣ್ಣು ತಾನೇ ಉದುರುತ್ತದೆ. ಒಂದು ದಿನ ನೀರಲ್ಲಿ ನೆನೆಸಿ, ಕೈಯಿಂದ ಹಿಸುಕಿ, ತೇಲುವ ತಿರುಳು ಮತ್ತು ಜೊಳ್ಳನ್ನು ಚೆಲ್ಲಿ. ತಳದಲ್ಲಿ ಉಳಿಯುವುದೇ ಗಟ್ಟಿ ಬೀಜ. ತಿರುಳು ಉಳಿದರೆ ಬೂಷ್ಟು ಹಿಡಿಯುತ್ತದೆ, ಚೆನ್ನಾಗಿ ತೊಳೆದು ನೆರಳಲ್ಲಿ ಒಣಗಿಸಿ.

ಚಳಿ ಕಾಣದ ಬೀಜ ಸರಿಯಾಗಿ ಮೊಳೆಯದು. ಹಿಂಡಿದರೆ ನೀರು ಸುರಿಯದಷ್ಟು ಒದ್ದೆಯಾದ ಮರಳಲ್ಲಿ ಬೆರೆಸಿ, 1–5 ಡಿಗ್ರಿ ಸೆಲ್ಸಿಯಸ್‌ನ ಫ್ರಿಜ್‌ನಲ್ಲಿ 60–90 ದಿನ ಇಡಿ. ಇದು ಬೇಡವೆಂದರೆ ಶರತ್ಕಾಲದಲ್ಲೇ ಮಡಿಗೆ ಬಿತ್ತಿ, ಚಳಿಗಾಲ ಆ ಕೆಲಸ ಮಾಡುತ್ತದೆ. ಫ್ರಿಜ್‌ನ ಬೀಜವನ್ನು ವಸಂತದಲ್ಲಿ 6 ಮಿ.ಮೀ. ಆಳಕ್ಕೆ ಬಿತ್ತಿ, ಮೊದಲ ಕೆಲವು ವಾರ ಅರೆನೆರಳು ಕೊಡಿ. ಮಣ್ಣು ಸದಾ ಜೌಗಾಗಿದ್ದರೆ ಎಳೆ ಸಸಿ ಬುಡ ಕೊಳೆತು ಮಲಗುತ್ತದೆ. ನಮ್ಮ ತೋಟಗಳಲ್ಲಿ ಮಾಡುವಂತೆ ಕಡ್ಡಿ ನೆಟ್ಟು ಬೆಳೆಸಲು ಹೋಗಬೇಡಿ, ಈ ಜಾತಿಯ ಕಡ್ಡಿ ಸುಲಭವಾಗಿ ಬೇರು ಬಿಡುವುದಿಲ್ಲ.

ಸಸಿಗಳನ್ನು 6–9 ಮೀಟರ್ ಅಂತರದಲ್ಲಿ, ತೇವ ಹಿಡಿಯುವ ಆದರೆ ನೀರು ಬಸಿಯುವ ಜಾಗದಲ್ಲಿ ನೆಡಿ. ಕಾರು ನಿಲ್ಲಿಸುವೆಡೆ ಬೇಡ, ಹಣ್ಣಿನ ಕಲೆ ಹೋಗುವುದು ಕಷ್ಟ. ಜಿಂಕೆ, ಮೊಲಗಳು ಎಳೆ ಚಿಗುರನ್ನು ಮೇಯುತ್ತವೆ, ಸುತ್ತ ತಂತಿಬಲೆ ಕಟ್ಟಿ. ಸಾಮಾನ್ಯವಾಗಿ ಗಂಡು, ಹೆಣ್ಣು ಬೇರೆ ಬೇರೆ ಮರ, ಹೂ ಬಿಡುವ ತನಕ ಯಾವುದೆಂದು ತಿಳಿಯದು. ಆದ್ದರಿಂದ ನಾಲ್ಕೈದಾದರೂ ನೆಡಿ. ಬೀಜದ ಮರ ಹಣ್ಣಿಗೆ ಬರಲು ಸುಮಾರು 10 ವರ್ಷ ಬೇಕು. ಹಸಿರು ಕಾಯಿ ತಿಂದರೆ ಹೊಟ್ಟೆ ಕೆಡುತ್ತದೆ. ಕಡು ನೇರಳೆಗೆ ತಿರುಗಿ, ಮುಟ್ಟಿದೊಡನೆ ಬಿಡಿಸಿಕೊಳ್ಳುವುದನ್ನಷ್ಟೇ ಮಕ್ಕಳಿಗೆ ಕೊಡಿ.