ಗ್ಯಾರೇಜ್ ಫ್ರಿಜ್, ಐದಾರು ವಾರ, ಒಂದು ಆನಿವರ್ಸರಿ ಊಟ

ಮೊದಲು ದುಡ್ಡಿನ ಮಾತು. ಡಲ್ಲಾಸ್‌ನ ಒಳ್ಳೆ ಸ್ಟೀಕ್‌ಹೌಸ್‌ನಲ್ಲಿ ಗಂಡ ಹೆಂಡತಿ ಕೂತು ಡ್ರೈ ಏಜ್ ಮಾಡಿದ, ಅಂದರೆ ವಾರಗಟ್ಟಲೆ ತಣ್ಣಗೆ ಬಿಚ್ಚಿಟ್ಟು ಒಣಗಿಸಿದ ರಿಬ್‌ಐ (ದನದ ಪಕ್ಕೆಲುಬಿನ ಕಡೆಯ ಸ್ಟೀಕ್) ಒಂದು, ಫಿಲೆ (ಕೊಬ್ಬು ಕಡಿಮೆಯ ಮೆತ್ತನೆ ತುಂಡು) ಒಂದು, ಎರಡು ಸೈಡ್, ತಲಾ ಎರಡು ಗ್ಲಾಸ್ ವೈನ್ ತಗೊಂಡರೆ 320 ಡಾಲರ್ ಆಸುಪಾಸು. ಅದರ ಮೇಲೆ 8.25 ಪರ್ಸೆಂಟ್ ಟ್ಯಾಕ್ಸ್, 20 ಪರ್ಸೆಂಟ್ ಟಿಪ್. ಕಾರು ನಿಲ್ಲಿಸಿದವನ ಕೈಗೂ ಏನಾದರೂ ಇಡಬೇಕು. ನಾನೂರು ದಾಟಿತು. ವರ್ಷಕ್ಕೊಂದು ಸಲ ತಾನೇ ಅಂತ ನಾವೂ ಹೋಗುತ್ತಿದ್ದೆವು. ಕೋವಿಡ್ ಮುಗಿದ ಮೇಲೆ ಒಂದು ವರ್ಷ, ಹೋಟೆಲ್ ಹೆಸರು ಬೇಡ, ಒಳಗೆ ಕೆಂಪಿರಲಿ ಅಂತ ಮೀಡಿಯಂ ರೇರ್ ಕೇಳಿದ್ದಕ್ಕೆ ಒಳಗೆಲ್ಲ ಬೂದು ತಿರುಗಿದ ರಿಬ್‌ಐ ತಂದಿಟ್ಟರು. ವಾಪಸ್ ಕಳಿಸಿದೆ. ಹೊಸದು ಬರುವಷ್ಟರಲ್ಲಿ ಹೆಂಡತಿ ತನ್ನ ಫಿಲೆ ಮುಗಿಸಿ ಕೈ ಕಟ್ಟಿ ಕೂತಿದ್ದಳು. ಆಮೇಲೆ ನಾನು ತಿನ್ನುವುದನ್ನು ಅವಳು ನೋಡಿದಳು. ಬಿಲ್ ಮಾತ್ರ ಪೂರ್ತಿ. ಇನ್ನು ಮೇಲೆ ಇದನ್ನು ನಾನೇ ಮಾಡ್ತೀನಿ ಅಂತ ಅವತ್ತೇ ಹೇಳಿದೆ.

ನಂಬಿದವರು ಯಾರೂ ಇಲ್ಲ. ನಮ್ಮದು ಸಕಲೇಶಪುರದ ಕಡೆಯ ಕ್ರಿಶ್ಚಿಯನ್ ಮನೆ. ಬೀಫ್ ಹೊಸದಲ್ಲ, ಕ್ರಿಸ್‌ಮಸ್‌ಗೆ ಕಾಳುಮೆಣಸು ಹಾಕಿ ಹುರಿದದ್ದು ಇರಲೇಬೇಕು. ಆದರೆ ನಮ್ಮ ಕಡೆ ಬೆಳಿಗ್ಗೆ ತಂದ ಮಾಂಸ ಮಧ್ಯಾಹ್ನಕ್ಕೆ ಸಾರಾಗಬೇಕು. ವಾರಗಟ್ಟಲೆ ಫ್ರಿಜ್‌ನಲ್ಲಿ ಬಿಚ್ಚಿಟ್ಟು ಒಣಗಿಸುತ್ತೇನೆ ಎಂದಾಗ ಅಮ್ಮ ಫೋನಿನಲ್ಲಿ, "ನಾಯಿ ಸಾಕಿದೀಯೇನೋ?" ಎಂದು ಕೇಳಿದರು. ಡಲ್ಲಾಸ್ ಪಕ್ಕದ ಪ್ಲೇನೊದ ಗೆಳೆಯನೊಬ್ಬ, ರಾತ್ರಿಯಿಡೀ ಎದ್ದಿದ್ದು ಬ್ರಿಸ್ಕೆಟ್ (ದನದ ಎದೆಯ ಮಾಂಸ) ಸ್ಮೋಕ್ ಮಾಡುವ ಆಸಾಮಿ, ಅವನೂ ಹೆದರಿಸಿದ. "ಅದೆಲ್ಲ ಪಾಪಸ್ ಬ್ರದರ್ಸ್‌ನಂಥ ಸ್ಟೀಕ್‌ಹೌಸ್‌ನವರು ಮಾಡೋ ಕೆಲಸ. ನೀನು ಹೆಂಡತೀನ ಎಮರ್ಜೆನ್ಸಿಗೆ ಕರ್ಕೊಂಡು ಹೋಗ್ತೀಯ ಅಷ್ಟೇ." ಅದೇ ಮನುಷ್ಯ ಈ ಸಲ ಉಳಿದ ತುಂಡನ್ನು ಬಟ್ಟಲು ಒರೆಸಿ ತಿಂದು, ಫ್ರಿಜ್‌ನ ಮಾಡೆಲ್ ನಂಬರ್ ಕೇಳಿಕೊಂಡು ಹೋದ. ಅದಕ್ಕೇ ಬರೆಯುತ್ತಿದ್ದೇನೆ. ಪ್ರೋಬ್ ಥರ್ಮಾಮೀಟರ್ (ಮಾಂಸದೊಳಗೆ ಚುಚ್ಚಿ ಬಿಸಿ ನೋಡುವುದು), ರಿವರ್ಸ್ ಸಿಯರ್ (ಮೊದಲು ಅವನ್‌ನಲ್ಲಿ ನಿಧಾನಕ್ಕೆ ಬೇಯಿಸಿ ಕೊನೆಗೆ ಜೋರು ಉರಿ ತೋರಿಸುವುದು) ಇವೆಲ್ಲ ನಿಮಗೆ ಗೊತ್ತು ಎಂದುಕೊಂಡು ಮುಂದೆ ಹೋಗುತ್ತೇನೆ.

ಬಿಡಿ ಸ್ಟೀಕ್ ಏಜ್ ಮಾಡಲು ಹೋಗಬೇಡಿ. ಒಂದೂವರೆ ಇಂಚಿನ ಸ್ಟೀಕನ್ನು ಮೂರು ವಾರ ಇಟ್ಟು ಹೊರಗಿನ ಗಟ್ಟಿ ಪದರ ಕೆತ್ತಿದರೆ ಒಳಗೆ ಸಿಗುವುದು ಚಪ್ಪಲಿಯ ಅಟ್ಟೆ. ಬೇಕಾಗಿರುವುದು ಮೂಳೆ ಸಮೇತದ, ಮೇಲಿನ ಕೊಬ್ಬು ತೆಗೆಯದ ರಿಬ್. ಒಂದು ಬದಿ ಮೂಳೆ ಕಾಯುತ್ತದೆ, ಇನ್ನೊಂದು ಬದಿ ಕೊಬ್ಬು ಕಾಯುತ್ತದೆ. ಒಣಗಿ ವೇಸ್ಟ್ ಆಗುವುದು ಬಹುಪಾಲು ಕೊಯ್ದ ಎರಡು ತುದಿ ಮಾತ್ರ. ಪೂರ್ತಿ ಏಳು ಮೂಳೆಯದು 18-20 ಪೌಂಡ್ ಬರುತ್ತದೆ, ನನಗೆ ನಾಲ್ಕು ಮೂಳೆ ಸಾಕು, ಒಂಬತ್ತು ಪೌಂಡ್ ಹತ್ತಿರ. ಎಲ್ಲರೂ ಲಾಯಿನ್ (ಸೊಂಟ) ಕಡೆಯ ತುದಿ ಕೇಳುತ್ತಾರೆ, ನೋಡಲು ಚೆಂದ ಅಂತ. ನಾನು ಚಕ್ (ಭುಜ) ಕಡೆಯದನ್ನೇ ಕೇಳಿ ತರುತ್ತೇನೆ. ಅದರಲ್ಲಿ ನಡುವಿನ ಕಣ್ಣು ಚಿಕ್ಕದು, ಸುತ್ತಲಿನ ಕ್ಯಾಪ್ ದೊಡ್ಡದು. ರಿಬ್‌ಐ ರುಚಿ ಇರುವುದೇ ಆ ಕ್ಯಾಪ್‌ನಲ್ಲಿ. ಎಲ್ಲಕ್ಕಿಂತ ಮೇಲಿನ ಪ್ರೈಮ್ ಗ್ರೇಡೇ ಬೇಕೆಂದೇನಿಲ್ಲ. ಕೌಂಟರ್‌ನಲ್ಲಿ ನಾಲ್ಕೈದು ತೆಗೆಸಿ ನೋಡಿ, ಕೊಬ್ಬಿನ ಗೆರೆ ಜಾಸ್ತಿ ಇರುವ, ಅದರ ಕೆಳಗಿನ ಚಾಯ್ಸ್ ಗ್ರೇಡ್ ಆರಿಸಿಕೊಂಡರೆ ನಡೆಯುತ್ತದೆ. ಹಿಂದೆ ನಿಂತವರು ಗೊಣಗುತ್ತಾರೆ, ಗೊಣಗಲಿ.

ನಮಗೆ ಕ್ಯಾಲೆಂಡರ್ ಕೂಡಿ ಬಂತು. ಕ್ರಿಸ್‌ಮಸ್‌ಗೆ ಮುಂಚಿನ ಅಡ್ವೆಂಟ್‌ನಲ್ಲಿ ಮದುವೆ ಇಲ್ಲ, ಈಸ್ಟರ್‌ಗೆ ಮುಂಚಿನ ಲೆಂಟ್‌ನಲ್ಲೂ ಇಲ್ಲ. ಹಾಗಾಗಿ ನಮ್ಮವರ ಮದುವೆಗಳು ಜನವರಿಯಲ್ಲಿ ಸಾಲುಗಟ್ಟುತ್ತವೆ, ನಮ್ಮದೂ ಜನವರಿ ಕೊನೆಯದು. ಇಲ್ಲಿ ಕ್ರಿಸ್‌ಮಸ್ ವಾರ ಎಲ್ಲ ಅಂಗಡಿಯವರೂ ರಿಬ್ ರೋಸ್ಟ್ ಸೇಲ್ ಹಾಕುತ್ತಾರೆ. ಬೇರೆ ದಿನ ಪೌಂಡಿಗೆ 14-15 ಡಾಲರ್ ಇದ್ದದ್ದು ಹೆಚ್ಚು ಕಡಿಮೆ ಅರ್ಧಕ್ಕೆ ಬರುತ್ತದೆ. ಆಗ ತಂದು ಒಳಗಿಟ್ಟರೆ ಐದು ವಾರಕ್ಕೆ ಸರಿಯಾಗಿ ಆನಿವರ್ಸರಿ.

ಫ್ರಿಜ್ ವಿಷಯಕ್ಕೆ ಬರೋಣ, ಯಾಕೆಂದರೆ ದುಡ್ಡು ಸೋರಿದ್ದು ಅಲ್ಲೇ. ಫ್ರೀಜರ್ ಇಲ್ಲದ ಹಳೆ ಫ್ರಿಜ್ ಒಂದನ್ನು 120 ಡಾಲರ್‌ಗೆ ಕೊಂಡು ಗ್ಯಾರೇಜ್‌ನಲ್ಲಿ ಇಟ್ಟೆ. ಪ್ರಾಕ್ಟೀಸ್ ಆಗಲಿ ಅಂತ ಬೇಸಿಗೆಯಲ್ಲೇ ಶುರು. ಟೆಕ್ಸಸ್‌ನ ಆಗಸ್ಟ್ ಗೊತ್ತಲ್ಲ, ಮಧ್ಯಾಹ್ನ ಗ್ಯಾರೇಜ್ ಒಳಗೆ ನೂರು ಡಿಗ್ರಿ (ಇಲ್ಲಿ ಹೇಳುವುದೆಲ್ಲ ಫ್ಯಾರನ್‌ಹೀಟ್) ದಾಟಿರುತ್ತದೆ. ಕಂಪ್ರೆಸರ್ ಉಸಿರು ಬಿಡದೆ ಓಡುತ್ತಿತ್ತು, ಒಳಗೆ ಮಾತ್ರ 45ರಿಂದ ಕೆಳಗಿಳಿಯಲಿಲ್ಲ. ಎರಡನೇ ವಾರಕ್ಕೆ ಮಾಂಸ ಮುಟ್ಟಿದರೆ ಲೋಳೆ. ವಾಸನೆ ಬಗ್ಗೆ ಬರೆಯಲ್ಲ. ಸುಮಾರು 110 ಡಾಲರ್ ಮಾಂಸ ಸೀದಾ ಕಸಕ್ಕೆ. ಅದೂ ಕಸದ ಗಾಡಿ ಬರಲು ಇನ್ನೂ ನಾಲ್ಕು ದಿನ ಇತ್ತು, ಪಕ್ಕದ ಮನೆಯವರು ಇವತ್ತಿಗೂ ನೆನಪಿಸುತ್ತಾರೆ. ಅದಾದ ಮೇಲೆ ಇಂಕ್‌ಬರ್ಡ್ ಅನ್ನುವ ಟೆಂಪರೇಚರ್ ಕಂಟ್ರೋಲರ್ ಹಾಕಿ 35-36 ಡಿಗ್ರಿಗೆ ಕಟ್ಟಿದೆ. ಖಾಲಿ ಜಾಗದಲ್ಲೆಲ್ಲ ನೀರಿನ ಬಾಟಲಿ ತುಂಬಿದೆ, ಬಾಗಿಲು ತೆಗೆದರೂ ಟೆಂಪರೇಚರ್ ಹಾರುವುದಿಲ್ಲ. ಮಕ್ಕಳು ಜ್ಯೂಸ್‌ಗೆ ಅಂತ ತೆಗೆದು ತೆಗೆದು ಬಿಡುತ್ತಿದ್ದರು, ಅದಕ್ಕೊಂದು ಬೀಗ.

ಫ್ಯಾನ್ ಬೇಕೇ ಬೇಕು, ಆದರೆ ಮಾಂಸಕ್ಕೆ ನೇರ ಬೀಸಬಾರದು. ಹಾಗೆ ಬೀಸಿದ ಒಂದು ರಿಬ್‌ಗೆ ವಾರದಲ್ಲೇ ಅರ್ಧ ಇಂಚಿನ ತೊಗಟೆ ಕಟ್ಟಿತು. ಒಳಗಿನ ತೇವ ಹೊರಬರಲು ದಾರಿಯೇ ಇಲ್ಲ, ಕೆತ್ತಿದ್ದಂತೂ ತಿಂದದ್ದಕ್ಕಿಂತ ಜಾಸ್ತಿ. ಈಗ ಕಂಪ್ಯೂಟರ್‌ನ ಹಳೆ ಫ್ಯಾನನ್ನು ಗೋಡೆ ಕಡೆ ತಿರುಗಿಸಿಟ್ಟಿದ್ದೇನೆ. ಕೆಳಗಿನ ತಟ್ಟೆಯಲ್ಲಿ ಒದ್ದೆ ಕಲ್ಲುಪ್ಪು. ಉಪ್ಪು ನೀರಲ್ಲಿ ಪೂರ್ತಿ ಕರಗದೆ ಉಳಿಯುವಷ್ಟು ಹಾಕಿದರೆ ಸುತ್ತಲಿನ ಗಾಳಿ 75 ಪರ್ಸೆಂಟ್ ತೇವದ ಹತ್ತಿರ ನಿಲ್ಲುತ್ತದೆ. ಅಂಗಡಿಯಲ್ಲಿ ಗುಲಾಬಿ ಬಣ್ಣದ ಉಪ್ಪಿನ ಇಟ್ಟಿಗೆ ಜೋಡಿಸಿ ಗಾಜಿನ ಬೀರು ಇಟ್ಟಿರುತ್ತಾರಲ್ಲ, ಅದು ಗಿರಾಕಿ ನೋಡಲಿ ಅಂತ. ಒಂದು ಡಾಲರ್ ಉಪ್ಪು ಸಾಕು.

ಮೂರನೇ ವಾರ ಕೊಬ್ಬಿನ ಮೇಲೆ ಅಲ್ಲಲ್ಲಿ ಬಿಳಿ ಬೂಷ್ಟು ಕಾಣಿಸಿಕೊಳ್ಳುತ್ತದೆ. ಅದಕ್ಕೆ ಹೆದರಬೇಡಿ, ಕೆತ್ತುವಾಗ ಹೋಗುತ್ತದೆ. ಕಪ್ಪು, ಹಸಿರು, ಲೋಳೆ, ಹುಳಿ ನಾತ ಇದ್ದರೆ ಮಾತ್ರ ಲೆಕ್ಕ ಹಾಕದೆ ಎಸೆಯಿರಿ. ಇದರಲ್ಲಿ ಜಿಪುಣತನ ಬೇಡ.

ಮಧ್ಯೆ ಅಡ್ಡದಾರಿಗಳನ್ನೂ ನೋಡಿದೆ. ಬಿರಿಯಾನಿಗೆ ಹಾಕುವ ಹಾಗೆ ಪರಂಗಿಕಾಯಿ ಹಚ್ಚು, ಮೆತ್ತಗಾಗುತ್ತೆ ಎಂದ ಒಬ್ಬ ಹಿತೈಷಿ. ಮೆತ್ತಗಾಯಿತು, ಚಮಚದಲ್ಲಿ ತಿನ್ನುವಷ್ಟು. ಕೋಜಿ (ಸೋಯಾ ಸಾಸ್ ಮಾಡಲು ಬಳಸುವ ಬೂಷ್ಟು ಹಿಡಿಸಿದ ಅಕ್ಕಿ) ಪುಡಿ ಸವರಿ ಎರಡು ಮೂರು ದಿನ ಇಟ್ಟರೆ ಏಜ್ ಆದ ರುಚಿ ಬರುತ್ತೆ ಅಂತಾರೆ. ಸಿಹಿ ಸಿಹಿ ಸೋಯಾ ರುಚಿ ಬಂತು, ಬೆಂಕಿಗೆ ಇಟ್ಟ ಅರ್ಧ ನಿಮಿಷಕ್ಕೆ ಸೀದು ಕರಿ. ಗಾಳಿಯಾಡುವ ಏಜಿಂಗ್ ಬ್ಯಾಗ್ ಬಂದಿದೆಯಲ್ಲ, ಅದು ಕೆಲಸ ಮಾಡುತ್ತದೆ, ಸುಳ್ಳು ಹೇಳಲ್ಲ. ಆದರೆ ಮೂಳೆ ಇರುವ ತುಂಡಿಗೆ ಬ್ಯಾಗ್ ಸರಿಯಾಗಿ ಅಂಟಿ ಕೂರುವುದಿಲ್ಲ. ನನಗೆ ಮೂಳೆ ಬೇಕು. ಕೋಳಿ ಕೂಡ ಒಂದು ವಾರ ನೇತುಹಾಕಿದೆ. ಚರ್ಮ ಎಂಥಾ ಗರಿಗರಿ ಬಂತು ಅಂತೀರಿ! ಅದರ ಕಥೆ ಇನ್ನೊಮ್ಮೆ.

ಕೆತ್ತುವ ದಿನ ನನಗೆ ಊಟದ ದಿನಕ್ಕಿಂತ ಖುಷಿ. ಹೊರಗೆ ಕಪ್ಪಾದ ಕಡುಗೆಂಪು, ಬೆರಳಲ್ಲಿ ತಟ್ಟಿದರೆ ಟಕಟಕ ಸದ್ದು. ಬೋನಿಂಗ್ ಚಾಕುವನ್ನು ಮಲಗಿಸಿ ತೆಳ್ಳಗೆ ಎಳೆದರೆ ಮೊದಲ ಸೀಳು ಕಂದು, ಎರಡನೇ ಸೀಳಿಗೆ ಅಂಚಿನಲ್ಲಿ ಒಂದು ಗೆರೆಯಷ್ಟು ನೇರಳೆ, ಅದರ ಕೆಳಗೆ ಒಮ್ಮೆಲೇ ಹಸಿ ಕೆಂಪು. ಅಲ್ಲೇ ನಿಲ್ಲಿಸಬೇಕು. ವಾಸನೆ ಹುರಿದ ಬಾದಾಮಿಯದು, ಹಿಂದೆಯೇ ಸ್ವಲ್ಪ ಚೀಸ್. ಒಂಬತ್ತು ಪೌಂಡ್ ಇಟ್ಟದ್ದು ಒಣಗಿ ಏಳೂವರೆ, ತೊಗಟೆ ಕೆತ್ತಿ ಹೆಚ್ಚಿನ ಮೂಳೆ ತೆಗೆದರೆ ಐದರ ಹತ್ತಿರ. ದಪ್ಪ ಸ್ಟೀಕ್ ಮೂರು, ಒಂದಿಷ್ಟು ಚೂರು. 60 ದಿನದ ಹತ್ತಿರ ಹೋದದ್ದನ್ನೂ ತಿಂದಿದ್ದೇನೆ, ಬ್ಲೂ ಚೀಸ್ ಇಷ್ಟಪಡುವವರಿಗೆ ಸರಿ. ಹೆಂಡತಿ ಒಂದು ತುತ್ತಿಗೆ ತಟ್ಟೆ ಸರಿಸಿದಳು. ಐದು ವಾರ ಸಾಕು.

ಇನ್ನು ಬೆಂಕಿ. ರೂತ್ಸ್ ಕ್ರಿಸ್ ಸ್ಟೀಕ್‌ಹೌಸ್‌ನವರು 1800 ಡಿಗ್ರಿ ಬ್ರಾಯ್ಲರ್ (ಮೇಲಿನಿಂದ ಉರಿ ಬೀಳುವ ಒಲೆ), 500 ಡಿಗ್ರಿ ತಟ್ಟೆ ಎಂದು ಹೇಳಿಕೊಂಡೇ ಹೆಸರು ಮಾಡಿದವರು. ರೂತ್ ಫರ್ಟೆಲ್ 1965ರಲ್ಲಿ ಮನೆ ಅಡವಿಟ್ಟು ನ್ಯೂ ಆರ್ಲಿಯನ್ಸ್‌ನ ಆ ಹೋಟೆಲ್ ಕೊಂಡಾಕೆ. ಅವರ ಮುಂದೆ ನನ್ನ ಫ್ರಿಜ್ ಖರ್ಚು ಏನೂ ಅಲ್ಲ ಎಂದು ಮನೆಯಲ್ಲಿ ವಾದಿಸಿದ್ದೂ ಉಂಟು. ನಮ್ಮ ಅವನ್‌ನ ಬ್ರಾಯ್ಲರ್ 550ಕ್ಕೆ ಸುಸ್ತು. ಕಬ್ಬಿಣದ ಬಾಣಲೆಯಲ್ಲಿ ಮಾಡಿದರೆ ಪರವಾಗಿಲ್ಲ, ಆದರೆ ಸ್ಮೋಕ್ ಅಲಾರಂ ಕೂಗಿ ಆನಿವರ್ಸರಿ ಮೂಡ್ ಎಲ್ಲ ಹಾಳು. ಕೊನೆಗೆ ಒಗ್ಗಿದ್ದು ಇದ್ದಿಲು ಹೊತ್ತಿಸುವ ಚಿಮ್ನಿ, 20 ಡಾಲರ್‌ದು. ಮುಕ್ಕಾಲು ಭಾಗ ಮೆಸ್ಕೀಟ್ ಮರದ ಇದ್ದಿಲು ತುಂಬಿ, ಪೂರ್ತಿ ಕೆಂಪಾದ ಮೇಲೆ ಚಿಮ್ನಿ ಬಾಯಿಗೇ ಜಾಲರಿ ಇಟ್ಟು ಅದರ ಮೇಲೆ ಸ್ಟೀಕ್. ಅವನ್‌ನಲ್ಲಿ 225ಕ್ಕೆ ಇಟ್ಟು ನನ್ನದನ್ನು ಒಳಗಿನ ಬಿಸಿ 115ಕ್ಕೆ, ಅವಳದನ್ನು 125ಕ್ಕೆ ತೆಗೆದಿರುತ್ತೇನೆ. ಚಿಮ್ನಿ ಮೇಲೆ ಒಂದೊಂದು ಬದಿಗೆ ಒಂದು ನಿಮಿಷವೂ ಬೇಡ. ಇಕ್ಕಳ ಕೈಯಲ್ಲೇ ಇರಲಿ, ಕೊಬ್ಬು ಹನಿಯುತ್ತಲೇ ಜ್ವಾಲೆ ಏಳುತ್ತದೆ. ಉಪ್ಪು ಹಿಂದಿನ ರಾತ್ರಿಯೇ ಹಾಕಿ ರ‍್ಯಾಕ್ ಮೇಲೆ ಬಿಟ್ಟಿರಬೇಕು. ಎಷ್ಟು, ಯಾವ ಉಪ್ಪು ಎಂಬುದು ನನ್ನ ಹತ್ತಿರವೇ ಇರಲಿ.

ಮಾಂಸ ಗೆದ್ದರೂ ಊಟ ಸೋತದ್ದಿದೆ. ಮೊದಲ ವರ್ಷ ಸ್ಟೀಕ್ ಅದ್ಭುತ, ನಾನು ಮಾತ್ರ ಹಿತ್ತಲಲ್ಲಿ ಹೊಗೆ ಕುಡಿಯುತ್ತಾ ನಿಂತಿದ್ದೆ. ಅವಳು ರೇಷ್ಮೆ ಸೀರೆ ಉಟ್ಟು ಟೇಬಲ್ ಮುಂದೆ ಒಬ್ಬಳೇ ಫೋನ್ ನೋಡುತ್ತಾ ಕೂತಿದ್ದಳು. ಸ್ಟೀಕ್‌ಹೌಸ್‌ಗೆ ಕೊಡುವ ದುಡ್ಡಿನಲ್ಲಿ ಅರ್ಧ ಇಬ್ಬರೂ ಒಟ್ಟಿಗೆ ಕೂರುವುದಕ್ಕೇ, ಅಲ್ವಾ? ಹಾಗಾಗಿ ಈಗ ಎಲ್ಲ ಹಿಂದುಮುಂದು ಮಾಡಿದ್ದೇನೆ. ಕ್ರೀಮ್ಡ್ ಸ್ಪಿನಾಚ್ ಮಧ್ಯಾಹ್ನವೇ ರೆಡಿ, ಅವನ್‌ನಲ್ಲಿ ಸ್ಟೀಕ್ ಪಕ್ಕದಲ್ಲೇ ಬಿಸಿಯಾಗುತ್ತದೆ. ಸೀಗಡಿ ಕಾಕ್‌ಟೇಲ್ ತಣ್ಣಗಿನದು, ಐಸ್‌ಬರ್ಗ್ ಲೆಟ್ಯೂಸ್ ಸೀಳು, ಅಂದರೆ ವೆಡ್ಜ್‌ಗೆ ಡ್ರೆಸಿಂಗ್ ಸುರಿದರೆ ಮುಗಿಯಿತು. ಚಿಮ್ನಿ ಹೊತ್ತಿಸಿ ಬಂದು ಕೂರುತ್ತೇನೆ. ಸೀಗಡಿ, ವೆಡ್ಜ್ ಮುಗಿಯುವ ಹೊತ್ತಿಗೆ ಇದ್ದಿಲು ಕೆಂಪಾಗಿರುತ್ತದೆ. ಪ್ರೋಬ್ ಅಲಾರಂ ಫೋನಿಗೇ ಬರುತ್ತದೆ. ಟೇಬಲ್ ಬಿಟ್ಟು ಹೋಗುವುದು ಐದಾರು ನಿಮಿಷ. ರಿವರ್ಸ್ ಸಿಯರ್‌ನಲ್ಲಿ ರೆಸ್ಟ್ ಮಾಡಿಸುತ್ತಾ ಕಾಯುವ ಗೋಜೂ ಇಲ್ಲ.

ಬಡಿಸುವುದು ನ್ಯೂಯಾರ್ಕ್‌ನ ಬ್ರೂಕ್ಲಿನ್‌ನಲ್ಲಿರುವ ಪೀಟರ್ ಲೂಗರ್ ಸ್ಟೀಕ್‌ಹೌಸ್ ಕ್ರಮದಲ್ಲಿ. 1887ರಿಂದ ನಡೆಯುತ್ತಿರುವ ಜಾಗ ಅದು. ಅಲ್ಲಿ ಸ್ಟೀಕನ್ನು ಹೋಳು ಮಾಡಿ ಮೂಳೆ ಜೊತೆ ಮತ್ತೆ ಜೋಡಿಸಿ ತರುತ್ತಾರೆ. ತಟ್ಟೆಯ ಒಂದು ಬದಿಗೆ ಒತ್ತು ಕೊಟ್ಟು ವಾರೆ ಇಡುತ್ತಾರೆ, ಬೆಣ್ಣೆಯೂ ರಸವೂ ಇಳಿದು ಕೆಳಗೆ ಕೂಡುತ್ತದೆ, ಅದನ್ನು ಚಮಚದಲ್ಲಿ ಮೇಲೆ ಸುರಿಯುವುದು. ನನ್ನ ಒತ್ತು, ಮಗನ ಲೆಗೊ ತುಂಡು. ತಟ್ಟೆಯನ್ನು 500ಕ್ಕೆ ಕಾಯಿಸುವ ಸಾಹಸಕ್ಕೆ ಹೋದರೆ ಮದುವೆಯಲ್ಲಿ ಬಂದ ಸೆಟ್‌ನಿಂದ ಬೇಡ. ಒಂದು ಸೀಳಿತು, ಆಮೇಲೆ 200ಕ್ಕೇ ನಿಲ್ಲಿಸಿದೆ.

ಬೆಣ್ಣೆಯಲ್ಲಿ ನಮ್ಮ ಕಡೆಯದು ಸ್ವಲ್ಪ ಸೇರಿದೆ. ಊರಿಂದ ಬಂದ ಸಕಲೇಶಪುರದ ಕಾಳುಮೆಣಸು ಒರಟಾಗಿ ಕುಟ್ಟಿದ್ದು, ಬ್ಯಾಡಗಿ ಪುಡಿ ಬಣ್ಣಕ್ಕೆ, ಎರಡು ಹನಿ ಕೊಡಗಿನ ಕಾಚಂಪುಳಿ. ಇನ್ನೊಂದು ಸಾಮಾನಿದೆ, ಹೇಳಲ್ಲ. ಕುಂದಾಪುರದ ಘೀ ರೋಸ್ಟ್ ಮಸಾಲೆಯನ್ನೂ ಹಚ್ಚಿ ನೋಡಿದೆ. ಚೆನ್ನಾಗಿತ್ತು, ಆದರೆ ಐದು ವಾರ ಕಾದ ರುಚಿಯೆಲ್ಲ ಮಸಾಲೆ ಅಡಿಯಲ್ಲಿ ಹೂತುಹೋಯಿತು. ಅದಕ್ಕೆ ಸಾಧಾರಣ ಮಾಂಸವೇ ಸಾಕು.

ಲೆಕ್ಕ ಕೇಳುವವರಿಗೆ: ಈ ಸಲದ ರಿಬ್ 75 ಡಾಲರ್ ಚಿಲ್ಲರೆ, ವೈನ್ 40, ಉಳಿದದ್ದೆಲ್ಲ ಸೇರಿ ಇನ್ನೊಂದು 30. ಸುಮಾರು 145ಕ್ಕೆ ಆನಿವರ್ಸರಿ ಆಯಿತು, ಮೇಲೆ ಒಂದು ಸ್ಟೀಕ್ ಫ್ರೀಜರ್‌ನಲ್ಲಿ ಉಳಿಯಿತು. ಫ್ರಿಜ್, ಕಂಟ್ರೋಲರ್, ಬೀಗ, ಕಸಕ್ಕೆ ಹೋದ ಮಾಂಸ, ಒಡೆದ ತಟ್ಟೆ ಎಲ್ಲ ಕೂಡಿಸಿದರೆ ಐನೂರು ಆರುನೂರು ಹೋಗಿದೆ. ಹೆಂಡತಿ ಕೂಡಿಸಿಯೇ ಹೇಳುತ್ತಾಳೆ. ನಾನು ಅದನ್ನು ಮೂರು ವರ್ಷಕ್ಕೆ ಭಾಗಿಸಿ ಹೇಳುತ್ತೇನೆ.

ಕೆತ್ತಿದ ಕೊಬ್ಬನ್ನು ಮಾತ್ರ ಎಸೆಯಬೇಡಿ. ಬೂಷ್ಟಿನ ಭಾಗ ತೆಗೆದು, ಒಳಗಿನ ಬಿಳಿಯನ್ನು ಸಣ್ಣ ಉರಿಯಲ್ಲಿ ಕರಗಿಸಿ ಸೋಸಿಟ್ಟುಕೊಂಡರೆ ಆಲೂಗಡ್ಡೆ ಹುರಿಯಲು ಅದರಷ್ಟು ಚೆನ್ನಾದದ್ದು ಇಲ್ಲ. ಒಳಗಿನ ಚೂರುಗಳನ್ನು ಚಕ್ ಜೊತೆ ಅರೆದರೆ ಬರ್ಗರ್. ಮೂಳೆಗಳನ್ನು ಕಾಳುಮೆಣಸು, ಶುಂಠಿ ಹಾಕಿ ನಾಲ್ಕು ಗಂಟೆ ಕುದಿಸಿದ ಸೂಪ್ ಮರುದಿನ ರಾತ್ರಿಗೆ. ಅದರ ಫೋಟೋ ಅಮ್ಮನಿಗೆ ಕಳಿಸಿದೆ. ಉಪ್ಪು ಸರಿ ಇದೆಯಾ ಎಂದಷ್ಟೇ ಕೇಳಿದರು.