ಹೆರಾಲ್ಡ್‌ನ ಮುಂದಿನ ಚಕ್ರಕ್ಕೆ ಎಣ್ಣೆಯೇ ಬೇಕು

ಮಳೆಗಾಲ ಮುಗಿದ ಮೇಲೆ ಆಗುಂಬೆ ಘಾಟಿ ಇಳಿಯುವಾಗ ನಮ್ಮ ಹಳೇ ಸ್ಟ್ಯಾಂಡರ್ಡ್ ಹೆರಾಲ್ಡ್‌ನ ಎಡಗಡೆ ಮುಂದಿನ ಚಕ್ರದಿಂದ ‘ಟಕ್’ ಅಂತ ಸದ್ದು ಬಂತು. ತಿರುವಿನಲ್ಲಿ ಸ್ಟೇರಿಂಗ್ ಬಿಗಿ. ತಿರುಗಿಸಿದರೆ ತಾನಾಗಿ ವಾಪಸ್ ಬರುತ್ತಲೇ ಇರಲಿಲ್ಲ.

ಹೆರಾಲ್ಡ್ ಮನೆಮಂದಿಯ ಕಾರು, ನಿಜ. ಆದರೆ 1962ರಲ್ಲಿ ಬಂದ ಟ್ರಯಂಫ್ ಸ್ಪಿಟ್‌ಫೈರ್ ಸ್ಪೋರ್ಟ್ಸ್ ಕಾರಿಗೆ ಹಾಕಿದ್ದು ಇದೇ ಮುಂದಿನ ಸಸ್ಪೆನ್ಷನ್. ಹಾಗಾಗಿ ಅದರ ಬಿಡಿಭಾಗ ಈಗಲೂ ಇಂಗ್ಲೆಂಡಿನಿಂದ ತರಿಸಬಹುದು. ನಾನೂ ಹಾಗೇ ತರಿಸಿದೆ.

ಮೊದಲು ರೋಗ ಯಾವುದು ಅಂತ ಗೊತ್ತಾಗಬೇಕಲ್ವಾ? ತೀರ್ಥಹಳ್ಳಿಯ ನಮ್ಮ ಮನೆ ಅಂಗಳದಲ್ಲಿ ಜಾಕ್ ಹಾಕಿ, ಕೆಳಗೆ ಸ್ಟ್ಯಾಂಡ್ ಕೊಟ್ಟು, ಚಕ್ರದ ಮೇಲೆ ಕೆಳಗೆ ಹಿಡಿದು ಅಲ್ಲಾಡಿಸಿದೆ. ಆಟ ಇತ್ತು.

“ಚಿಕ್ಕಪ್ಪ, ಈಗ ಬ್ರೇಕ್ ತುಳೀರಿ.”

“ತುಳ್ದಿದೀನಿ ಮಾರಾಯ, ಅಲ್ಲಾಡ್ಸು.”

ಬ್ರೇಕ್ ತುಳಿದಾಗ ಆಟ ನಿಂತರೆ ತಪ್ಪು ಬೇರಿಂಗ್‌ನದ್ದು. ನಿಲ್ಲಲಿಲ್ಲ. ಅಂದರೆ ಸವೆದದ್ದು ಬೇರಿಂಗ್ ಅಲ್ಲ, ಚಕ್ರವನ್ನು ಹಿಡಿದ ಒಳಗಿನ ಜೋಡಣೆ.

ಈ ಕಾರಿನ ಬಾನೆಟ್ ಮಡ್‌ಗಾರ್ಡ್ ಸಮೇತ ಮುಂದಕ್ಕೆ ಮಗುಚುತ್ತದೆ. ಸ್ಟೂಲ್ ಹಾಕಿ ಕೂತು ಕೆಲಸ ಮಾಡಬಹುದು. ಆ ಒಂದು ಸುಖಕ್ಕೇ ನನಗೆ ಈ ಕಾರಿನ ಮೇಲೆ ಪ್ರೀತಿ ಜಾಸ್ತಿ.

ಚಕ್ರವನ್ನು ಕಾರಿಗೆ ಜೋಡಿಸುವ ಕವೆಯಾಕಾರದ ತೋಳಿಗೆ ವಿಶ್‌ಬೋನ್ ಅಂತಾರೆ. ಕೆಳಗಿನ ವಿಶ್‌ಬೋನ್ ತುದಿಯಲ್ಲಿ ಟ್ರನಿಯನ್ ಅಂತ ಹಿತ್ತಾಳೆ ಬಣ್ಣದ ತುಂಡೊಂದಿದೆ. ಚಕ್ರ ಹೊತ್ತ ಉಕ್ಕಿನ ಲಿಂಕಿನ ಮರೆ (ತಿರುಪಿನ ಸುತ್ತು) ಅದರೊಳಗೆ ಕೂತಿರುತ್ತದೆ. ಸ್ಟೇರಿಂಗ್ ತಿರುಗಿಸಿದಾಗಲೆಲ್ಲ ನಟ್ಟಿನೊಳಗೆ ಬೋಲ್ಟ್ ತಿರುಗಿದಂತೆ ತಿರುಗುತ್ತದೆ. ಟ್ರನಿಯನ್ನನ್ನು ವಿಶ್‌ಬೋನಿಗೆ ಹಿಡಿದ ಬೋಲ್ಟ್ ತುಕ್ಕು ಹಿಡಿದು ಜಪ್ಪಯ್ಯ ಅಂದರೂ ಅಲ್ಲಾಡಲಿಲ್ಲ. ಎರಡು ದಿನ ಸೀಮೆಎಣ್ಣೆ ಕುಡಿಸಿದೆ. ಕೊನೆಗೆ ಹ್ಯಾಕ್ಸಾ ಬ್ಲೇಡಿನಿಂದಲೇ ಕೊಯ್ದೆ. ಒಂದು ಮಧ್ಯಾಹ್ನ ಪೂರ್ತಿ ಅದಕ್ಕೇ ಹೋಯಿತು.

ಟ್ರನಿಯನ್ ತಿರುಗಿಸಿ ತೆಗೆದಾಗ ಒಳಗೆ ಗ್ರೀಸ್, ಒಣಗಿದ ಜೋನಿಬೆಲ್ಲದ ಹಾಗೆ ಕಟ್ಟಿಕೊಂಡಿತ್ತು. ಹಿಂದೆ ಯಾರೋ ಒಳ್ಳೆಯದಾಗಲಿ ಅಂತಲೇ ತುಂಬಿದ್ದಾರೆ. ಆದರೆ ಇಲ್ಲಿಗೆ ಬೇಕಾದ್ದು 90 ನಂಬರ್ ಗೇರ್ ಆಯಿಲ್. ಗ್ರೀಸ್ ಮರೆಯ ಕೆಳತುದಿವರೆಗೆ ಇಳಿಯುವುದಿಲ್ಲ. ಮಲೆನಾಡಿನ ಮಳೆನೀರು ಇಳಿಯುತ್ತದೆ. ಮರೆಯ ಮೇಲೆ ಉಗುರು ಎಳೆದೆ. ಮೇಲೆ ನುಣುಪು, ಕೆಳಗೆ ತುಕ್ಕು ತಿಂದ ಗುಳಿಗಳಿಗೆ ಉಗುರು ಸಿಕ್ಕಿಕೊಂಡಿತು. ಲಿಂಕ್ ಮುರಿಯುವುದು ಅಂಥ ಜಾಗದಲ್ಲೇ. ಮುರಿದರೆ ಚಕ್ರ ಕಾರಿನಡಿಗೆ ಮಡಚಿಕೊಳ್ಳುತ್ತದೆ. ಟ್ರನಿಯನ್ ಮಾತ್ರ ಬದಲಿಸುವ ಯೋಚನೆ ಅಲ್ಲಿಗೇ ಬಿಟ್ಟೆ. ಹೊಸ ಲಿಂಕ್ ಬರುವವರೆಗೆ ಕಾರು ಐದು ವಾರ ಸ್ಟ್ಯಾಂಡ್ ಮೇಲೇ ನಿಂತಿತ್ತು.

ಎಡ, ಬಲದ ಮರೆ ಒಂದಕ್ಕೊಂದು ಉಲ್ಟಾ. ಚೀಟಿ ಕಟ್ಟಿಡಿ. ಹೊಸ ಟ್ರನಿಯನ್‌ಗೆ ಎಣ್ಣೆ ಸವರಿ ಪೂರ್ತಿ ತಿರುಗಿಸಿ, ಆಮೇಲೆ ಸ್ವಲ್ಪ ಹಿಂದಕ್ಕೆ ಬಿಡಬೇಕು. ತಳಕ್ಕೆ ಬಿಗಿದರೆ ಸ್ಟೇರಿಂಗ್ ಎರಡೂ ಕಡೆ ಪೂರ್ತಿ ತಿರುಗುವುದಿಲ್ಲ. ವಿಶ್‌ಬೋನ್ ಬ್ರಾಕೆಟ್ ಹಿಂದಿನ ಶಿಮ್‌ಗಳನ್ನು (ಸಂದಿಗೆ ಹಾಕುವ ತೆಳು ಲೋಹದ ತುಂಡು) ಎಣಿಸಿ, ಯಾವ ಜಾಗದ್ದು ಅಲ್ಲಿಗೇ ಹಾಕಿದೆ. ಮೇಲಿನ ಬಾಲ್ ಜಾಯಿಂಟ್ ಸುಲಭವಾಗಿ ಕೂತಿತು.

ಶಾಕ್ ಅಬ್ಸಾರ್ಬರ್ ಮತ್ತು ಸ್ಪ್ರಿಂಗ್ ಜೋಡಿಯಾಗಿಯೇ ಹೊರಬರುತ್ತವೆ. ಬಿಚ್ಚಿ ಹೊಸ ಶಾಕ್ ಹಾಕುವ ಕೆಲಸವನ್ನು ಮಾತ್ರ ಶಿವಮೊಗ್ಗದ ಗ್ಯಾರೇಜಿಗೆ ಕೊಟ್ಟೆ. ಒತ್ತಿಹಿಡಿದ ಸ್ಪ್ರಿಂಗ್ ಸಿಡಿದರೆ ಜೀವಕ್ಕೇ ಅಪಾಯ. ಸರಿಯಾದ ಕಂಪ್ರೆಸರ್ ಇಲ್ಲದೆ ಅದಕ್ಕೆ ಕೈಹಾಕಬೇಡಿ.

ರಬ್ಬರ್ ಬುಷ್‌ಗಳ ಬೋಲ್ಟ್ ಕೊನೆಗೆ ಬಿಗಿಯುವುದು ಕಾರು ನೆಲಕ್ಕಿಳಿದ ಮೇಲೆ. ಚಕ್ರ ಜೋತಾಡುವಾಗಲೇ ಬಿಗಿದರೆ, ಇಳಿಸಿದಾಗ ರಬ್ಬರ್ ತಿರುಚಿಕೊಂಡು ಬೇಗ ಹರಿಯುತ್ತದೆ. ಆಮೇಲೆ ಶಿವಮೊಗ್ಗದಲ್ಲಿ ಅಲೈನ್‌ಮೆಂಟ್ ಮಾಡಿಸಿದೆ.

ಈಗ ಒಂದು ಗ್ರೀಸ್ ಗನ್ ಗೇರ್ ಆಯಿಲ್‌ಗೆಂದೇ ಇದೆ. ಮಳೆಗಾಲದ ಮೊದಲು ಒಮ್ಮೆ, ಆಮೇಲೆ ಒಮ್ಮೆ, ಟ್ರನಿಯನ್‌ನ ಮೇಲಿನ ಸೀಲಿನಿಂದ ಎಣ್ಣೆ ಜಿನುಗುವವರೆಗೆ ಒತ್ತುತ್ತೇನೆ. ನಾಲ್ಕು ದಿನ ಕೆಳಗೆ ಹನಿ ಬೀಳುತ್ತದೆ. ಅದಕ್ಕೆ ಎರಡು ಅಡಿಕೆ ಹಾಳೆ ಇಟ್ಟಿದ್ದೇನೆ.