ಮುಳುಗುವ ಹಕ್ಕಿಯ ಲೆಕ್ಕ: ಮಾವಿನಕೆರೆಯ ನನ್ನ ಅನುಭವ

ರಾಯಚೂರಿನ ಮಾವಿನಕೆರೆಯಲ್ಲಿ ಗುಳುಮುಳುಕ (ಮುಳುಗಿ ಮೇಯುವ ಪುಟ್ಟ ನೀರುಹಕ್ಕಿ) ಎಣಿಸೂದು ಆಗದ ಮಾತು ಅಂದವರೇ ಈಗ ನನ್ನ ಪಟ್ಟಿ ಕೇಳಿ ಇಸಿದುಕೊಳ್ಳುತ್ತಿದ್ದಾರೆ. ಬೆಳ್ಳಕ್ಕಿ, ಕೊಳದ ಬಕ, ಜಂಬುಕೋಳಿ ಎಣಿಸುವುದು ನಿಮಗೂ ಗೊತ್ತು. ತಲೆನೋವು ಮುಳುಗುವವುಗಳದ್ದು.

ಕಂಡದ್ದನ್ನೆಲ್ಲ ಕೂಡುತ್ತ ಹೋದರೆ ಲೆಕ್ಕ ಉಬ್ಬುತ್ತದೆ. ಇಲ್ಲಿ ಮುಳುಗಿದ್ದು ನಾಲ್ಕಾರು ಮಾರು ಆಚೆ ಏಳುತ್ತದೆ, ಹೊಸದೆಂದು ಬರೆದುಕೊಳ್ಳುತ್ತೀರಿ. ಒಂದೇ ನೋಟಕ್ಕೆ ಎಣಿಸಿದರೆ ನೀರೊಳಗಿದ್ದವು ಬಿಟ್ಟುಹೋಗುತ್ತವೆ. ಫೋಟೊ ಹೊಡೆದು ಮನೆಯಲ್ಲಿ ಎಣಿಸಿದರೂ ಅಷ್ಟೇ. ಗುಳುಮುಳುಕ ಮೇಯುವಾಗ ಒಂದು ಮುಳುಗಿಗೆ ಸುಮಾರು ಹದಿನೈದು ಸೆಕೆಂಡು ನೀರೊಳಗಿರುತ್ತದೆ. ಅದರ ಎರಡರಷ್ಟು ಹೊತ್ತು ಮೇಲಿದ್ದರೂ ಮೂರರಲ್ಲೊಂದು ಪಾಲು ಕಣ್ಣಿಗೆ ಬೀಳದು.

ನಾನು ಮಾಡುವುದು ಇಷ್ಟು. ಎದುರು ದಂಡೆಯ ಕಂಬ, ಮೆಟ್ಟಿಲು, ಗಿಡ ಹಿಡಿದು ನೀರನ್ನು ಪಾಲು ಮಾಡಬೇಕು. ಒಂದು ಪಾಲಿಗೆ ಐದು ನಿಮಿಷ; ಅರ್ಧ ನಿಮಿಷಕ್ಕೊಮ್ಮೆ ಎಡದಿಂದ ಬಲಕ್ಕೆ ನೋಡಿ, ಆ ಕ್ಷಣ ಮೇಲಿರುವವು ಎಷ್ಟೋ ಅಷ್ಟನ್ನೇ ಬರೆಯಬೇಕು. ಹತ್ತರಲ್ಲಿ ದೊಡ್ಡ ಅಂಕಿ ಯಾವುದೋ ಅದೇ ಆ ಪಾಲಿನ ಲೆಕ್ಕ. ಪಾಲು ಸಣ್ಣದಿರಬೇಕು: ಒಂದರಲ್ಲಿ ನಾಲ್ಕೈದು ಹಕ್ಕಿ ದಾಟಿದರೆ ಎಲ್ಲವೂ ಒಮ್ಮೆಲೇ ಮೇಲೆ ಸಿಗುವುದು ಅಪರೂಪ, ಲೆಕ್ಕ ಕಡಿಮೆಯೇ ಬರುತ್ತದೆ. ಅಂಥಲ್ಲಿ ಪಾಲನ್ನು ಇನ್ನೊಮ್ಮೆ ಒಡೆಯಿರಿ. ಪಾಲಿನ ಗಡಿ ದಾಟಿದ ಹಕ್ಕಿಗೆ ಪಟ್ಟಿಯಲ್ಲಿ ಬಾಣದ ಗುರುತು ಹಾಕಿ, ಎರಡು ಸಲ ಲೆಕ್ಕಕ್ಕೆ ಬರಬಾರದು. ಜೊಂಡಿನೊಳಗೆ ಅಡಗಿದವನ್ನು ಹೊರಗೆ ಕಾಣುವ ಹಾಗೆ ಮಾಡುವ ಉಪಾಯವೂ ಇದೆ. ಅದನ್ನು ಸದ್ಯಕ್ಕೆ ನನ್ನ ಹತ್ತಿರವೇ ಇಟ್ಟುಕೊಳ್ಳುತ್ತೇನೆ.

ನಾಮದ ಕೋಳಿಗೆ (ಹಣೆಯಲ್ಲಿ ಬಿಳಿ ನಾಮವಿರುವ ಕಪ್ಪು ನೀರುಹಕ್ಕಿ) ಇಷ್ಟೆಲ್ಲ ಬೇಡ. ಅದು ಚಿಗಿದು ಮುಳುಗಿ, ಹೆಚ್ಚುಕಡಿಮೆ ಅಲ್ಲೇ ಬೆಂಡಿನಂತೆ ತೇಲುತ್ತದೆ. ನೀರುಕಾಗೆಯಾದರೆ ಮೊದಲು ಬಂಡೆಯ ಮೇಲೆ ರೆಕ್ಕೆ ಒಣಗಿಸುವವನ್ನು ಮುಗಿಸಿ, ಆಮೇಲೆ ನೀರಿನಲ್ಲಿರುವವನ್ನು ಎಣಿಸಿ. ಮಂದಿ ಮೀನಿಗೆ ಮಂಡಾಳು (ಮಂಡಕ್ಕಿ) ಚೆಲ್ಲುವ ಹೊತ್ತು ಎಣಿಸಲೇಬೇಡಿ: ಮೀನು ಅತ್ತ ಓಡಿದರೆ ಹಕ್ಕಿಯೂ ಅತ್ತಲೇ, ಪಾಲುಗಳೆಲ್ಲ ಕಲಸಿಹೋಗುತ್ತವೆ.

ದುಡ್ಡಿನ ಮಾತು. ಸಾವಿರ ಚಿಲ್ಲರೆಯ ಬೈನಾಕ್ಯುಲರ್ ದಂಡ, ಅಂಚೆಲ್ಲ ಮಸುಕು. 8×42 (ಎಂಟು ಪಟ್ಟು ಹಿಗ್ಗಿಸಿ ತೋರಿಸುವ, ಮುಂದಿನ ಗಾಜು 42 ಮಿ.ಮೀ. ಅಗಲದ್ದು) ಸಾಕು, ಎಂಟು ಹತ್ತು ಸಾವಿರಕ್ಕೆ ಸಿಗುತ್ತದೆ. 10×50 ಕೊಂಡರೆ ಕೈ ನಡುಗುತ್ತದೆ, ಸ್ಟ್ಯಾಂಡಿಗೆ ಮತ್ತೆ ಖರ್ಚು. ಬೆಳಗ್ಗೆ ಪೂರ್ವದ ದಂಡೆ ಹಿಡಿಯಿರಿ, ಬಿಸಿಲು ಬೆನ್ನಿಗಿರಲಿ. ನಮ್ಮ ಕಡೆ ಬ್ಯಾಸಿಗೆಯಲ್ಲಿ ಒಂಬತ್ತಾದರೆ ನೀರಿನ ಮೇಲೆ ಗಾಳಿ ಕುದಿಯತೊಡಗುತ್ತದೆ. ಎಷ್ಟು ದುಬಾರಿ ಲೆನ್ಸಿದ್ದರೂ ಹಕ್ಕಿ ಕದಡಿದ ಹಾಗೆಯೇ.

ನಡುವೆ ಒಂದು ಪ್ರಯೋಗ: ಮೊಬೈಲನ್ನು ಬೈನಾಕ್ಯುಲರ್ ಕಣ್ಣಿಗೆ ರಬ್ಬರ್ ಬುಷ್ ಹಾಕಿ ಕೂಡಿಸಿದೆ. ಎಣಿಕೆಗೆ ಬರಲಿಲ್ಲ, ನೋಟ ಇಕ್ಕಟ್ಟು. ಬೆಳ್ಳಕ್ಕಿ ಬೇರ್ಪಡಿಸಲು ಮಾತ್ರ ಬಲು ಚಲೋ. ವಿಡಿಯೊ ನಿಲ್ಲಿಸಿ ನೋಡಿದರೆ ಬಾಯಿಯ ಗೆರೆ ಕಣ್ಣಿನ ಹಿಂದಕ್ಕೂ ಹೋಗಿದ್ದರೆ ದೊಡ್ಡ ಬೆಳ್ಳಕ್ಕಿ, ಕಣ್ಣಿನ ಕೆಳಗೇ ನಿಂತರೆ ಮಧ್ಯಮ. ಸಣ್ಣ ಬೆಳ್ಳಕ್ಕಿಯ ಕೊಕ್ಕು ಕಪ್ಪು, ಪಾದ ಹಳದಿ. ಕೆಸರಲ್ಲಿ ನಿಂತಿದ್ದರೆ ಹಾರುವ ತನಕ ಕಾಯಿರಿ.